ಹಂಗಾಮಿ ಕೋಚು, ಕಾಯಂ ಕಲ್ಲುಬೆಂಚು

ಹೊಸ ಕೋಚನ್ನು ಅಳೆದು ಮುಗಿಸಲು ಮೂರು ಸಂಜೆ ಸಾಕು ಎಂಬುದು ಗಂಗಾನಗರದ ನಮ್ಮ ಕಲ್ಲುಬೆಂಚಿನ ನಂಬಿಕೆ. ಹಂಗಾಮಿ ಕೋಚಾದರೆ ಅಷ್ಟೂ ಬೇಡ. ಅವರು ಗೇಟು ದಾಟಿ ಒಳಗೆ ಬರುವಷ್ಟರಲ್ಲಿ ತೀರ್ಪು ಬರೆದಾಗಿ, ಸಹಿಯಾಗಿ, ಸೀಲು ಬಿದ್ದಿರುತ್ತದೆ. ಕಾಯಂ ಆಗಿ ಬಂದವರಿಗೆ ನಾವು ಸ್ವಲ್ಪ ಕಾಲಾವಕಾಶ ಕೊಡುತ್ತೇವೆ. ಅವರೆಲ್ಲಿಗೆ ಹೋಗುತ್ತಾರೆ, ನಿಧಾನಕ್ಕೆ ಬೈದರಾಯಿತು. ಹಂಗಾಮಿಯವರು ಯಾವತ್ತು ಎದ್ದು ಹೋಗುತ್ತಾರೋ ಗೊತ್ತಿಲ್ಲ. ಹಾಗಾಗಿ ಅವರ ಪಾಲಿನ ಬೈಗುಳವನ್ನು ಮುಂಗಡವಾಗಿಯೇ ಪಾವತಿಸಬೇಕಾಗುತ್ತದೆ.

ಬಳ್ಳಾರಿ ರಸ್ತೆಯ ಸಿಬಿಐ ಸ್ಟಾಪಿನಲ್ಲಿ ಇಳಿದು ಒಳಗೆ ನಡೆದರೆ ಸದ್ದು ಕಡಿಮೆಯಾಗುತ್ತ ಬಂದು, ಇನ್ನೇನು ನಿಶ್ಶಬ್ದವಾಯಿತು ಅನ್ನುವ ಕಡೆ ಚೆಂಡು ಪುಟಿಯುವ ಸದ್ದು ಶುರುವಾಗುತ್ತದೆ. ಅದೇ ನಮ್ಮ ಅಂಕಣ. ಹನ್ನೆರಡರ ಒಳಗಿನ ಹುಡುಗಿಯರ ತಂಡ ಅಲ್ಲಿ ಆಡುತ್ತದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಅವರನ್ನು ಕರೆತಂದವರ ತಂಡ ಕೂರುತ್ತದೆ. ಒಬ್ಬರು ನಿವೃತ್ತ ಇಂಜಿನಿಯರು. ಒಬ್ಬರು ಹುನಗುಂದದ ಕಡೆಯ ಹಿರಿಯರು. ಮಗನ ಮನೆಗೆಂದು ಬಂದವರು ಇಲ್ಲೇ ಉಳಿದಿದ್ದಾರೆ. ಒಬ್ಬರು ಡೆಂಟಿಸ್ಟಮ್ಮ. ಇನ್ನೊಬ್ಬ ಸಾಫ್ಟ್‌ವೇರ್ ಅಪ್ಪ, ಕಿವಿಯಲ್ಲಿ ಅಮೆರಿಕದ ಮೀಟಿಂಗು, ಕಣ್ಣು ಮಾತ್ರ ಗಂಗಾನಗರದಲ್ಲಿ. ಮತ್ತೆ ನಾನು. ಆಡಿಟ್ ಕೆಲಸದಲ್ಲಿ ಜನ್ಮ ಸವೆಸಿದವನು. ಹಣ ಖರ್ಚಾಗಿದ್ದರೆ ಯಾಕೆ ಖರ್ಚಾಯಿತೆಂದೂ ಖರ್ಚಾಗದಿದ್ದರೆ ಅನುದಾನ ಯಾಕೆ ವಾಪಸು ಹೋಯಿತೆಂದೂ, ಎರಡೂ ಕಡೆಯಿಂದ ಆಕ್ಷೇಪಣೆ ಎತ್ತುವ ವಿದ್ಯೆ ನನಗೆ ಸಿದ್ಧಿಸಿದೆ. ನಮ್ಮಲ್ಲಿ ಯಾರೂ ಬಾಸ್ಕೆಟ್‌ಬಾಲ್ ಆಡಿದವರಲ್ಲ. ಅದರಿಂದ ನಮ್ಮ ತೀರ್ಪಿಗೆ ಒಂದು ನಿರ್ಲಿಪ್ತತೆ ಬಂದಿದೆ.

ಹಳೇ ಕೋಚು, ಅಂದರೆ ಎಲ್ಲರ ಬಾಯಲ್ಲೂ 'ಹಳೇ ಸಾರ್', ಮಂಡಿಚಿಪ್ಪಿನ ಆಪರೇಷನ್ ಮಾಡಿಸಿಕೊಂಡು ಸುಧಾರಿಸಿಕೊಳ್ಳಲು ದಾವಣಗೆರೆಯ ಮಗಳ ಮನೆಗೆ ಹೋದರು. ಗಂಟಲು ಮಾತ್ರ ಗಟ್ಟಿಯಾಗಿದ್ದ ಮನುಷ್ಯ. ಸೀಟಿ ಊದಿದರೆ ಮೇಖ್ರಿ ಸರ್ಕಲ್ಲಿನ ಟ್ರಾಫಿಕ್ ಪೊಲೀಸನಿಗೂ ಒಮ್ಮೆ ಅನುಮಾನ ಬರಬೇಕು. ಪಂದ್ಯದ ಸ್ಕೋರನ್ನು ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು; ಸೋತರೆ ತಾವೇ ಅಂಗೈಯಿಂದ ಒರೆಸಿಬಿಡುತ್ತಿದ್ದರು. ಅವರಿದ್ದಾಗ ನಾವು ಅವರನ್ನು ಏನೇನು ಅಂದಿದ್ದೆವು ಎಂಬುದಕ್ಕೆ ಈಗ ದಾಖಲೆ ಇಲ್ಲ. ಅವರು ಹೋದ ಸಂಜೆಯೇ ಇಂಜಿನಿಯರು, "ಹಳೇ ಸಾರ್ ಇದ್ದಾಗ ಹೀಗಾಗ್ತಿರ್ಲಿಲ್ಲ ಬಿಡಿ" ಅಂದರು. ಆಗಿನ್ನೂ ಏನೂ ಆಗಿರಲಿಲ್ಲ.

ಅವರ ಜಾಗಕ್ಕೆ ಬಂದದ್ದು ಒಬ್ಬ ಹುಡುಗಿ. ಧಾರವಾಡದ ಕಡೆಯವಳು, ಯಲಹಂಕದಾಚೆ ವಿದ್ಯಾನಗರದ ಕ್ರೀಡಾ ಇಲಾಖೆಯ ಹಾಸ್ಟೆಲ್ಲಿನಲ್ಲಿ ಆಡಿ ಬೆಳೆದವಳು, ಈಗ ಬಿಪಿಎಡ್ ಮುಗಿಸಿದ್ದಾಳೆ. ಬಂದವಳೇ ಬೆಂಚಿನ ಕಡೆ ತಿರುಗಿ, "ನಮಸ್ಕಾರ್ರೀ ಎಲ್ಲಾರಿಗೂ" ಅಂದಳು. ಹುನಗುಂದದ ಹಿರಿಯರ ಮತ ಆ ಕ್ಷಣವೇ ಆಕೆಗೆ ಬಿದ್ದುಹೋಯಿತು. "ಹುಡುಗಿ ಭಾಳ ಶಾಣ್ಯಾ ಕಾಣಸ್ತಾಳ್ರೀ" ಎಂದು ಘೋಷಿಸಿದರು. ನಾವು ಉಳಿದವರು ಸಾಕ್ಷ್ಯ ನೋಡಿ ಮಾತಾಡುವವರು. ಆಕೆಯ ಕೊರಳಲ್ಲಿ ಸೀಟಿ ಇಲ್ಲದ್ದನ್ನು ಗುರುತಿಸಿ ಸುಮ್ಮನೆ ಕೂತೆವು.

ಮೊದಲ ಆಕ್ಷೇಪಣೆ ಅದೇ. ಸೀಟಿ ಇಲ್ಲದ ಕೋಚು ಎಂದರೇನು? ಮಕ್ಕಳನ್ನು ಕರೆಯಬೇಕಾದರೆ ಸುಮ್ಮನೆ ಕೈ ಎತ್ತಿ ನಿಲ್ಲುತ್ತಾಳೆ. ಮಕ್ಕಳು ಒಬ್ಬೊಬ್ಬರೇ ನೋಡಿ, ತಾವೂ ಕೈ ಎತ್ತಿ, ಬಂದು ಸುತ್ತ ಕೂರುತ್ತಾರೆ. ಎರಡನೆಯದು, ಮೂರನೇ ದಿನಕ್ಕೆಲ್ಲ 'ಮೇಡಂ' ಹೋಗಿ 'ಅಕ್ಕ' ಆಗಿಬಿಟ್ಟಳು. "ಅಕ್ಕ ಅಂದಮೇಲೆ ಮುಗೀತು, ಇನ್ನು ಯಾರು ಹೆದರ್ತಾರೆ?" ಎಂದು ಡೆಂಟಿಸ್ಟಮ್ಮ ನಿಟ್ಟುಸಿರಿಟ್ಟರು, ಅವರ ವೃತ್ತಿಯಲ್ಲಿ ಹೆದರಿಕೆಯ ಮಹತ್ವ ಅವರಿಗೆ ಗೊತ್ತು. ಮೂರನೆಯದು ಎಲ್ಲಕ್ಕಿಂತ ಗಂಭೀರ. ಮೊದಲ ವಾರವೆಲ್ಲ ಬುಟ್ಟಿಗೆ ಚೆಂಡು ಹಾಕಿಸಲೇ ಇಲ್ಲ. ಓಡು, ನಿಲ್ಲು. ನೆಗೆ, ಇಳಿ. ಒಂದು ಕಾಲು ಊರಿ ಅದರ ಮೇಲೇ ತಿರುಗು. ಮತ್ತೆ ನೆಗೆ, ಇಳಿ. "ಫೀಸು ಬಾಸ್ಕೆಟ್‌ಬಾಲಿಗೆ ಕೊಟ್ಟಿದ್ದೀವೋ ಕುಂಟೆಬಿಲ್ಲೆಗೋ?" ಎಂದು ಇಂಜಿನಿಯರು ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಮನೆಗೆ ನಡೆದು ಬರುವಾಗ ಮೊಮ್ಮಗಳನ್ನು ವಿಚಾರಿಸಿದೆ. "ತಾತ, ಇಳಿಯುವಾಗ ಮಂಡಿ ಒಳಕ್ಕೆ ಬೀಳಬಾರದು. ಅಕ್ಕ ಹೇಳಿದಾರೆ, ಆಟ ಆಮೇಲೆ, ಮಂಡಿ ಮೊದಲು" ಅಂದಳು. ವಿಚಾರಿಸಿ ನೋಡಿದರೆ ಸಂಗತಿ ನಿಜ. ಮಂಡಿಯೊಳಗೆ ಎಸಿಎಲ್ ಎಂಬ ನಾರು ಇದೆಯಂತೆ; ಬಾಸ್ಕೆಟ್‌ಬಾಲ್ ಆಡುವ ಹುಡುಗಿಯರಲ್ಲಿ ಅದು ಹರಿಯುವುದು ಹುಡುಗರಿಗಿಂತ ಹೆಚ್ಚು. ಬಹುಪಾಲು ಸಲ ಯಾರೂ ಡಿಕ್ಕಿ ಹೊಡೆಯದೆಯೇ, ನೆಗೆದು ಇಳಿಯುವಾಗಲೋ ಥಟ್ಟನೆ ತಿರುಗುವಾಗಲೋ ಹರಿದುಹೋಗುತ್ತದೆ. ಚಿಕ್ಕಂದಿನಲ್ಲೇ ಇಳಿಯುವುದನ್ನು ಕಲಿಸಿದರೆ ಅಪಾಯ ಕಡಿಮೆ. ಮಾರನೆಯ ದಿನ ಇದನ್ನು ಬೆಂಚಿನ ಮುಂದಿಟ್ಟೆ. ಮಂಡಿನೋವಿನ ಎಣ್ಣೆಯ ವಾಸನೆ ಸದಾ ಸುಳಿದಾಡುವ ಆ ಬೆಂಚಿನಲ್ಲಿ ಮಂಡಿಯ ಮಾತು ಬಂದರೆ ಸಾಮಾನ್ಯವಾಗಿ ಗೌರವ ಸಿಗಬೇಕು. ಇಂಜಿನಿಯರು ಯೋಚಿಸಿ, "ಅದು ಸರಿ. ಆದರೆ ಸೀಟಿ?" ಅಂದರು.

ಅಷ್ಟರಲ್ಲಿ ರಿಂಗಿನ ಪ್ರಕರಣ ನಡೆಯಿತು. ಸುಲ್ತಾನ್‌ಪಾಳ್ಯದಿಂದ ವೆಲ್ಡಿಂಗಿನವನನ್ನು ಕರೆಸಿ, ಗೋಡೆ ಬದಿಯ ಹಳೇ ಕಂಬಕ್ಕೆ ಎಂಟೂವರೆ ಅಡಿ ಎತ್ತರದಲ್ಲಿ ಇನ್ನೊಂದು ರಿಂಗು ಹಾಕಿಸಿಬಿಟ್ಟಳು! ಬೆಂಚು ತತ್ತರಿಸಿತು. ಹತ್ತಡಿ ಎಂದರೆ ಹತ್ತಡಿ. ಇವತ್ತು ರಿಂಗು ಇಳಿಸಿದವರು ನಾಳೆ ಎಸೆಸೆಲ್ಸಿ ಪಾಸಿನ ಅಂಕ ಇಳಿಸಿ ಅನ್ನುವುದಿಲ್ಲವೆ? ಚಿಕ್ಕ ಮಕ್ಕಳ ಮಿನಿ ಬಾಸ್ಕೆಟ್‌ಬಾಲಿಗೆ 2.60 ಮೀಟರ್ ಎತ್ತರದ ರಿಂಗು, ಐದನೇ ಸೈಜಿನ ಹಗುರ ಚೆಂಡು ಎಂದು ಇಡೀ ಪ್ರಪಂಚ ಒಪ್ಪಿಕೊಂಡಿದೆ ಎಂದು ಆಕೆ ಹೇಳಿದಳು. ಪ್ರಪಂಚ ಒಪ್ಪಿದ್ದನ್ನು ಗಂಗಾನಗರ ಒಪ್ಪಬೇಕೆಂದು ಎಲ್ಲಿದೆ?

ಆ ಸಂಜೆ ಆಕೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹತ್ತಡಿಯ ಕತೆ ಹೇಳಿದಳು. ನಾವು ಕೇಳಿಸಿಕೊಳ್ಳದವರ ಹಾಗೆ ಕೇಳಿಸಿಕೊಂಡೆವು. ನಾನಂತೂ ಆಮೇಲೆ ಪುಸ್ತಕ ತೆಗೆದು ತಾಳೆ ನೋಡಿದೆ, ಅಭ್ಯಾಸಬಲ. 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆ. ಹೊರಗೆ ಚಳಿಗಾಲ, ಒಳಗೆ ಕವಾಯತು ಎಂದರೆ ಮೂಗು ಮುರಿಯುವ ಹದಿನೆಂಟು ಜನರ ಒಂದು ಪುಂಡ ತರಗತಿ. ಇಬ್ಬರು ಮೇಷ್ಟ್ರು ಕೈಚೆಲ್ಲಿದ ಮೇಲೆ ಅದು ಜೇಮ್ಸ್ ನೈಸ್ಮಿತ್ ಎಂಬ ಕೆನಡಾದ ಯುವಕನ ಕೊರಳಿಗೆ ಬಿತ್ತು. ಹೊಸ ಆಟವೊಂದನ್ನು ಹುಡುಕಲು ಮುಖ್ಯಸ್ಥ ಲೂಥರ್ ಗ್ಯುಲಿಕ್ ಕೊಟ್ಟ ಗಡುವು ಹದಿನಾಲ್ಕು ದಿನ. ಗಡುವು ಮುಗಿಯುವ ಹೊತ್ತಿಗೆ ನೈಸ್ಮಿತ್ ಹದಿಮೂರು ನಿಯಮ ಬರೆದು, ಜವಾನನ ಹತ್ತಿರ ಎರಡು ಪೆಟ್ಟಿಗೆ ಕೇಳಿದ. ಜವಾನ ಪೆಟ್ಟಿಗೆ ಇಲ್ಲವೆಂದು ಪೀಚ್ ಹಣ್ಣಿನ ಎರಡು ಬುಟ್ಟಿ ತಂದುಕೊಟ್ಟ. ಅವನ್ನು ಬಾಲ್ಕನಿಯ ಕಟಾಂಜನಕ್ಕೆ ಮೊಳೆ ಹೊಡೆದರು. ಬಾಲ್ಕನಿ ಹತ್ತಡಿ ಎತ್ತರದಲ್ಲಿತ್ತು. ಹತ್ತಡಿಗೆ ಇಷ್ಟೇ ಕಾರಣ! ಆ ಕಟ್ಟಡದ ಮೇಸ್ತ್ರಿ ಒಂದಡಿ ಕೆಳಗೆ ಕಟ್ಟಿದ್ದರೆ ಇಂಜಿನಿಯರು ಇವತ್ತು ಒಂಬತ್ತಡಿಯ ಪಾವಿತ್ರ್ಯಕ್ಕಾಗಿ ಹೋರಾಡುತ್ತಿದ್ದರು. ಮೊದಲ ಪಂದ್ಯಕ್ಕೆ ಒಂದೊಂದು ಕಡೆ ಒಂಬತ್ತು ಜನ, ಫುಟ್‌ಬಾಲಿನ ಚೆಂಡು, ಬಿದ್ದದ್ದು ಒಟ್ಟು ಒಂದೇ ಗೋಲು.

ಬಾಸ್ಕೆಟ್‌ಬಾಲ್ ಎಂಬ ಆಟವನ್ನೇ ಹೀಗೆ ಬೇರೆಯವರು ಬಿಟ್ಟುಹೋದ ತರಗತಿ ಹಿಡಿದ ಮೇಷ್ಟ್ರೊಬ್ಬರು ಎರಡು ವಾರದಲ್ಲಿ ಕಟ್ಟಿದ್ದು. ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲ್ಲುಬೆಂಚು ಇರಲಿಲ್ಲವಾದ್ದರಿಂದ ಕೆಲಸ ಕೆಡಲಿಲ್ಲ. ಇನ್ನೊಂದು ವಿಷಯವನ್ನು ನಾನು ಬೆಂಚಿಗೆ ಹೇಳಲೋ ಬೇಡವೋ ಎಂದು ಬಹಳ ಯೋಚಿಸಿ ಹೇಳಿದೆ. ಅದೇ ನೈಸ್ಮಿತ್ ಮುಂದೆ ಕಾನ್ಸಾಸ್ ವಿಶ್ವವಿದ್ಯಾಲಯದ ಕೋಚಾದರು. ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾಲಯದ ಕೋಚುಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವವರು ಅವರೊಬ್ಬರೇ, ಆಟ ಹುಟ್ಟಿಸಿದವರೇ. ಬೆಂಚು ಒಂದು ಗಳಿಗೆ ಮೌನವಾಯಿತು. ಆಮೇಲೆ ಇಂಜಿನಿಯರು, "ನೋಡಿದ್ರಾ? ಕಂಡುಹಿಡಿಯೋದು ಬೇರೆ, ಕೋಚಿಂಗ್ ಬೇರೆ" ಎಂದು ನೈಸ್ಮಿತ್ತರ ಕಡತವನ್ನೂ ಮುಚ್ಚಿದರು.

ಹುನಗುಂದದ ಹಿರಿಯರು ಸುಮ್ಮನೆ ಬಿಡುವವರಲ್ಲ. "ಹಂಗಾಮಿ ಅಂದ್ರ ಏನು ಕಮ್ಮಿ ಅಂತ ತಿಳದೀರಿ? ನಮ್ಮ ಕಂಠಿಯವರನ್ನ ನೋಡ್ರಿ" ಎಂದು 1962ಕ್ಕೆ ಹೋದರು. ಆ ವರ್ಷ ಹೊಸದುರ್ಗದಲ್ಲಿ ನಿಜಲಿಂಗಪ್ಪನವರು ಸೋತಾಗ ಹುನಗುಂದದ ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಉಪಚುನಾವಣೆಯಲ್ಲಿ ಗೆದ್ದು ಬಂದದ್ದೇ ತಡ, ಕಂಠಿಯವರು ಮಾರ್ಚಿನಲ್ಲಿ ಕೂತಿದ್ದ ಕುರ್ಚಿಯನ್ನು ಜೂನಿನಲ್ಲಿ ಬಿಟ್ಟು ಎದ್ದರು. ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ ದುಡಿದರು. "ಅಂಥಾ ಹಂಗಾಮಿ ಈಗ ಸಿಗತದೇನ್ರಿ?" ಸಿಗುವುದಿಲ್ಲ ಎಂಬುದರಲ್ಲಿ ಬೆಂಚಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಸಾಫ್ಟ್‌ವೇರ್ ಅಪ್ಪ ಒಂದು ಕಿವಿಯನ್ನು ಅಮೆರಿಕದಿಂದ ಬಿಡಿಸಿಕೊಂಡು ಲೇಕರ್ಸ್ ತಂಡದ ಕತೆ ಹೇಳಿದ. 1979ರಲ್ಲಿ ಅವರ ಕೋಚ್ ಜ್ಯಾಕ್ ಮೆಕಿನಿ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಜಾಗಕ್ಕೆ ಬಂದವರು ಪಾಲ್ ವೆಸ್ಟ್‌ಹೆಡ್, ಶೇಕ್ಸ್‌ಪಿಯರ್ ಪಾಠ ಮಾಡುತ್ತಿದ್ದವರು. 1980ರಲ್ಲಿ ತಂಡ ಚಾಂಪಿಯನ್ ಆಯಿತು. 1981ರಲ್ಲಿ ಅವರ ಕೆಲಸ ಹೋಯಿತು. ಇದರಿಂದ ಏನು ಸಾಬೀತಾಯಿತೆಂದು ಕೇಳುವಷ್ಟರಲ್ಲಿ ಅವನ ಮೀಟಿಂಗಿನಲ್ಲಿ ಅವನ ಹೆಸರು ಕೂಗಿದ್ದರು. ಡೆಂಟಿಸ್ಟಮ್ಮ ನಮ್ಮ ದ್ರಾವಿಡ್ ಹೆಸರೆತ್ತಿದರು: 2021ರಲ್ಲಿ ಶ್ರೀಲಂಕಾ ಪ್ರವಾಸಕ್ಕೆ ಅವರೂ ಹೀಗೇ ಒಂದು ಸರಣಿಯ ಮಟ್ಟಿಗೆ ಕೋಚಾಗಿ ಹೋದವರಲ್ಲವೆ? ಏಕದಿನ ಸರಣಿ ಗೆದ್ದರು, ಟಿ20 ಸೋತರು. ಬೆಂಗಳೂರಿನ ಬೆಂಚಿನಲ್ಲಿ ದ್ರಾವಿಡ್ ಹೆಸರು ಬಂದಮೇಲೆ ವಾದ ಮುಂದುವರಿಯುವುದಿಲ್ಲ. ಆ ದಿನದ ಕಲಾಪ ಅಲ್ಲಿಗೆ ಮುಗಿಯಿತು.

ಫಲಿತಾಂಶ ನೋಡಿ ಅಳೆಯೋಣವೆಂದರೆ ಅದೂ ಸುಲಭವಲ್ಲ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣದಲ್ಲಿ ನಮ್ಮ ಹೆಣ್ಣುಮಕ್ಕಳು ಏಷ್ಯಾ ಕಪ್ಪಿನ ಬಿ ವಿಭಾಗದ ಫೈನಲ್ಲಿನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೇರಿದರು. ಸರ್ಬಿಯಾದ ಕೋಚ್ ಝೋರಾನ್ ವಿಸಿಚ್ ಆಗ ಮಾಂತ್ರಿಕ. ಎರಡು ವರ್ಷ ಬಿಟ್ಟು ಅದೇ ಕಂಠೀರವ, ಅದೇ ಕೋಚು; ಎದುರಿಗೆ ಮಾತ್ರ ಜಪಾನು, ಚೀನಾಗಳಂಥ ಘಟಾನುಘಟಿಗಳು. ಎಂಟು ತಂಡಗಳಲ್ಲಿ ನಾವು ಎಂಟನೆಯವರು. ಮಂತ್ರ ಎಲ್ಲಿ ಹೋಯಿತು? ಎರಡು ಅಂಕ ಆಚೀಚೆಯಾಗಿದ್ದರೆ 2017ರಲ್ಲೇ ಮಾಂತ್ರಿಕನಿಗೆ ಗೇಟು ತೋರಿಸುವವರು ನಾವು. ಹನ್ನೊಂದು ವರ್ಷದ ಮಕ್ಕಳ ವಿಷಯದಲ್ಲಂತೂ ಅರ್ಧ ಫಲಿತಾಂಶ ಎದುರಾಳಿ ತಂಡದಲ್ಲಿ ಯಾರು ಬೇಗ ಉದ್ದವಾದರು ಎಂಬುದರ ಮೇಲೆ ನಿಂತಿರುತ್ತದೆ. ಕೋಚು ಮಾಡಿದ್ದು ಕಾಣಬೇಕಾದರೆ ಮಕ್ಕಳಿಗೆ ಹದಿನೇಳಾಗಬೇಕು. ಅಷ್ಟರಲ್ಲಿ ಕೋಚೂ ಇರುವುದಿಲ್ಲ, ಬೆಂಚೂ ಅರ್ಧ ಖಾಲಿ. ಆದ್ದರಿಂದ ನಾವು ಕಾಣುವುದನ್ನೇ ಅಳೆಯುತ್ತೇವೆ. ಸೀಟಿ, ಷೂಸು, ಗಂಟಲು.

ಜರ್ಸಿಯ ನಂಬರಿನಲ್ಲಿ ಆಕೆ ನನ್ನ ಸ್ವಂತ ತಾಳ್ಮೆಯನ್ನು ಪರೀಕ್ಷಿಸಿದಳು. ಹಳೇ ಸಾರ್ ಕಾಲದಲ್ಲಿ ನಂಬರುಗಳು ನಾಲ್ಕರಿಂದ ಶುರುವಾಗುತ್ತಿದ್ದವು. ರೆಫರಿ ಒಂದು, ಎರಡು, ಮೂರು ಬೆರಳೆತ್ತಿದರೆ ಅದು ಅಂಕ. ನಂಬರಿನೊಂದಿಗೆ ಗೊಂದಲವಾಗಬಾರದೆಂದು ನಾಲ್ಕರಿಂದ ಹದಿನೈದು. ಅಂತರರಾಷ್ಟ್ರೀಯ ಫೆಡರೇಷನ್ ಆ ಕಟ್ಟಳೆಯನ್ನು 2014ರಲ್ಲೇ ಸಡಿಲಿಸಿತಂತೆ. ಈಗ ಯಾವ ನಂಬರಾದರೂ ಸರಿ ಎಂದು ಆಕೆ ಮಕ್ಕಳಿಗೇ ಆರಿಸಿಕೊಳ್ಳಲು ಬಿಟ್ಟಳು. ನನ್ನ ಮೊಮ್ಮಗಳು ಸೊನ್ನೆ ಆರಿಸಿಕೊಂಡಳು. ಎಡದಲ್ಲಿ ಏನೂ ಇಲ್ಲ, ಬಲದಲ್ಲಿ ಏನೂ ಇಲ್ಲ, ಬರೀ ಸೊನ್ನೆ. ಲೆಕ್ಕದಲ್ಲೇ ಅನ್ನ ತಿಂದ ಮನೆತನದ ಕುಡಿ ಬೆನ್ನ ಮೇಲೆ ಸೊನ್ನೆ ಹೊತ್ತು ಗಂಗಾನಗರದಲ್ಲಿ ಓಡಾಡುತ್ತದೆ! "ಯಾರೂ ತಗೊಂಡಿರ್ಲಿಲ್ಲ ತಾತ, ಪಾಪ ಅನ್ನಿಸ್ತು" ಅಂದಳು.

ಕಳೆದ ಭಾನುವಾರ ಸಹಕಾರನಗರದ ಕಡೆಯ ಮಕ್ಕಳೊಂದಿಗೆ ಫ್ರೆಂಡ್ಲಿ ಪಂದ್ಯ. ನಾನು ಬೆಂಚಿನಲ್ಲಿ ನನ್ನ ಎಂದಿನ ಜಾಗದಲ್ಲಿ ಊರಿಕೊಳ್ಳುವಷ್ಟರಲ್ಲಿ ಆಕೆ ಒಂದು ಮೇಜು, ಒಂದು ದೊಡ್ಡ ಹಾಳೆ ಹಿಡಿದು ಬಂದಳು. "ಸರ, ನೀವು ಆಡಿಟ್‌ನ್ಯಾಗ ಇದ್ರಂತಲ್ರಿ. ಇವತ್ತ ಸ್ಕೋರ್‌ಶೀಟ್ ನೀವ ಬರೀರಿ. ಬರೆಯವ್ರು ಬಂದಿಲ್ಲ, ಇದೊಂದು ಮ್ಯಾಚಿಗೆ." ಆಗುವುದಿಲ್ಲ ಎನ್ನುವುದು ಹೇಗೆ? ಐದು ನಿಮಿಷದಲ್ಲಿ ಕಲಿಸಿಯೂ ಬಿಟ್ಟಳು. ಬಹಳ ಚೊಕ್ಕಟವಾದ ಲೆಡ್ಜರು ಅದು, ನನಗೆ ಇಷ್ಟವಾಯಿತು. ಅಂಕಗಳ ಸಂಖ್ಯೆ ಮೊದಲೇ ಅಚ್ಚಾಗಿರುತ್ತದೆ. ಬುಟ್ಟಿಗೆ ಬಿದ್ದಾಗ ತಂಡದ ಒಟ್ಟು ಅಂಕದ ಮೇಲೆ ಓರೆಗೆರೆ ಎಳೆದು ಪಕ್ಕದ ಮನೆಯಲ್ಲಿ ಹಾಕಿದವರ ನಂಬರು ಬರೆಯಬೇಕು. ಫೌಲಿಗೆ ಒಬ್ಬೊಬ್ಬರಿಗೆ ಐದೈದು ಮನೆ, ಐದೂ ತುಂಬಿದರೆ ಹುಡುಗಿ ಹೊರಗೆ.

ಆಟ ಶುರುವಾದ ಎರಡನೇ ನಿಮಿಷಕ್ಕೆ ನಮ್ಮ ಮನೆಯ ಸೊನ್ನೆ ಎರಡು ಹೆಜ್ಜೆ ಇಟ್ಟು, ನೆಗೆದು, ಚೆಂಡನ್ನು ಹಲಗೆಗೆ ತಾಗಿಸಿ ಒಳಗೆ ಹಾಕಿದಳು. ಇಳಿಯುವಾಗ ಮಂಡಿ ನೆಟ್ಟಗಿತ್ತು, ನೋಡಿದೆ. ಕೈ ನಡುಗದಂತೆ ಎರಡರ ಮೇಲೆ ಗೆರೆ ಎಳೆದು ಪಕ್ಕದಲ್ಲಿ 0 ಎಂದು ಗುಂಡಗೆ ಬರೆದೆ. ಹೆಗಲ ಮೇಲಿಂದ ಬೆಂಚು ಬಗ್ಗಿ ನೋಡುತ್ತಿತ್ತು.

"ರೀ, ಚೆಂಡು ಒಳಗೆ ಬಿತ್ತು. ನೀವು ಸೊನ್ನೆ ಬರೀತಿದ್ದೀರಲ್ಲ!" ಇಂಜಿನಿಯರು.

"ಅದು ಅವಳ ನಂಬರು."

"ಎರಡನ್ನೂ ಹೊಡೆದು ಹಾಕಿದ್ದೀರಿ" ಎಂದರು ಡೆಂಟಿಸ್ಟಮ್ಮ. "ಸ್ವಂತ ಮೊಮ್ಮಗಳು ಅಂತ ಇಷ್ಟೊಂದು ನಿಷ್ಪಕ್ಷಪಾತ ತೋರಿಸಬಾರದು ಸಾರ್."

"ಹೊಡೆದದ್ದಲ್ಲ, ಗುರುತು ಹಾಕಿದ್ದು."

ಹುನಗುಂದದ ಹಿರಿಯರು ಕನ್ನಡಕ ಏರಿಸಿಕೊಂಡು ಹಾಳೆಯನ್ನು ಬಹಳ ಹೊತ್ತು ನೋಡಿದರು. ನನ್ನ ಪರವಾಗಿ ಏನಾದರೂ ಹೇಳಿಯಾರು ಎಂದುಕೊಂಡೆ. "ಅಕ್ಷರ ಛಲೋ ಅದಾವು" ಎಂದು ಹೇಳಿ ಹಿಂದೆ ಸರಿದರು.

ಇಂಜಿನಿಯರು ಬೆಂಚಿಗೆ ಮರಳಿ, ಎಲ್ಲರಿಗೂ ಕೇಳುವಂತೆ ಅಂದರು: "ಹಳೇ ಸ್ಕೋರರ್ ಇದ್ದಾಗ ಹೀಗಾಗ್ತಿರ್ಲಿಲ್ಲ ಬಿಡಿ."