ಜೇಬಿನೊಳಗಿನ ಚಾಡಿಕೋರ

ತಾಳವಾಡಿ ಕಡೆಯವರನ್ನು ‘ನಿಮ್ಮ ವಿಳಾಸ ಹೇಳಿ’ ಎಂದು ಕೇಳುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಬರಬೇಕು. ನಮ್ಮ ಚಿಕ್ಕಪ್ಪ ಹುಟ್ಟಿದ ಮನೆಯಲ್ಲೇ ಇದ್ದಾರೆ. ಜಗುಲಿಯಲ್ಲಿ ಅವರು ಒರಗುವ ಕಂಬ ಕೂಡ ಬದಲಾಗಿಲ್ಲ. ಅವರ ಎಣ್ಣೆತಲೆಯ ಗುರುತು ಅದರ ಮೇಲೆ ಕಪ್ಪಗೆ ಕೂತಿದೆ. ವಿಳಾಸ ಮಾತ್ರ ಅವರನ್ನು ಕಂಬದ ಹತ್ತಿರವೇ ಬಿಟ್ಟು ತಿರುಗಾಟಕ್ಕೆ ಹೊರಟಿತು. ಅವರು ಹುಟ್ಟಿದ್ದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಅದೇ ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಹೋಗಲಿಲ್ಲ. 1969ರಲ್ಲಿ ರಾಜ್ಯದ ಹೆಸರು ತಮಿಳುನಾಡಾಯಿತು. 1979ರಲ್ಲಿ ಜಿಲ್ಲೆ ಒಡೆದು ಪೆರಿಯಾರ್ ಜಿಲ್ಲೆ, ಆಮೇಲೆ ಅದೇ ಈರೋಡ್ ಜಿಲ್ಲೆ. 2016ರಲ್ಲಿ ಸತ್ಯಮಂಗಲದಿಂದ ಬಿಡಿಸಿ ತಾಳವಾಡಿಯನ್ನೇ ತಾಲೂಕು ಮಾಡಿದರು. ಮನೆಯಲ್ಲಿ ಆಡುವುದು ಕನ್ನಡ, ರೇಷನ್ ಕಾರ್ಡಿನಲ್ಲಿ ಬರೆದಿರುವುದು ತಮಿಳು. ಬಟ್ಟೆಬರೆ, ಸಿನಿಮಾ, ಬೀಗರ ಮನೆ ಎಲ್ಲಾ ಚಾಮರಾಜನಗರದ ಕಡೆ. ಒಂದು ಸಹಿ, ಒಂದು ಸೀಲು ಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು, ನೂರು ಕಿಲೋಮೀಟರಿಗೂ ದೂರದ ಈರೋಡಿಗೆ ಹೋಗಬೇಕು. ‘ಎಲ್ಲೂ ಹೋಗ್ದೆ ಇಷ್ಟೊಂದು ಕಡೆ ಬಾಳಾಟ ಮಾಡ್ದಂವ ನಾನೊಬ್ನೆಯ’ ಎನ್ನುವುದು ಚಿಕ್ಕಪ್ಪನ ಹೆಮ್ಮೆ.

ಇಂಥ ಕಡೆಗೆ ಇಂಟರ್ನೆಟ್ಟು ಬಂತು. ಮೊದಲು ಮೊಬೈಲಿನಲ್ಲಿ. ನಮ್ಮ ಹಿತ್ತಲಿನ ಬೇಲಿಯ ಹತ್ತಿರ ಕರ್ನಾಟಕದ ಟವರು ಸಿಗುತ್ತದೆ, ಜಗುಲಿಯಲ್ಲಿ ತಮಿಳುನಾಡಿನದು. ರೋಮಿಂಗಿಗೆ ದುಡ್ಡು ಕೀಳುತ್ತಿದ್ದ ಕಾಲದಲ್ಲಿ ಹಸುವಿಗೆ ಹುಲ್ಲು ಹಾಕುತ್ತಾ ಫೋನ್ ಎತ್ತಿದವನು ಹೊರರಾಜ್ಯದ ಪ್ರವಾಸಿ. ಗಂಟೆ ಬಾರಿಸಿದೊಡನೆ ಹುಲ್ಲಿನ ಹೊರೆ ಎಸೆದು ಜಗುಲಿಗೆ ಓಡಿ ಬಂದು ‘ಹಲೋ’ ಅನ್ನುವಷ್ಟರಲ್ಲಿ ಆ ಕಡೆಯವರು ಇಟ್ಟುಬಿಟ್ಟಿರುತ್ತಿದ್ದರು. ಈಗ ರೋಮಿಂಗಿನ ಕಾಟವಿಲ್ಲ, ಮನೆಗೇ ಫೈಬರ್ ಬಂದಿದೆ. ಎಳೆಸಿದವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗ. ತಂತಿ ಜೋಡಿಸಿದ ದಿನ ‘ಮಾವ, ನಮ್ಮನೆ ಐಪಿ ಅಡ್ರೆಸ್ ನೋಡಿ’ ಎಂದು ಪರದೆಯ ಮೇಲೆ ಚುಕ್ಕೆ ಇಟ್ಟ ನಾಲ್ಕು ಅಂಕಿ ತೋರಿಸಿದ. ಕೆಳಗೆ ಊರಿನ ಹೆಸರೂ ಇತ್ತು: ಚೆನ್ನೈ.

ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿದರು. ‘ಇನ್ನೊಂದು ಬಂತಲ್ಲಪ್ಪಾ’ ಎಂದರು.

ಈ ಐಪಿ ವಿಳಾಸದ ಕಥೆ ನಮ್ಮ ತಾಲೂಕಿನ ಕಥೆಗಿಂತ ಬಹಳ ನೇರವೇನಲ್ಲ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲ ಈಗಿನ ಪದ್ಧತಿಗೆ ಬಂದಾಗ, ಒಂದೊಂದು ಯಂತ್ರಕ್ಕೂ ನಾಲ್ಕು ಅಂಕಿಯ ವಿಳಾಸ, ಒಂದೊಂದು ಅಂಕಿಯೂ ಸೊನ್ನೆಯಿಂದ 255ರೊಳಗೆ ಎಂದು ಗೊತ್ತುಮಾಡಿಕೊಂಡಿದ್ದರು. ಒಟ್ಟು ಸುಮಾರು 429 ಕೋಟಿ ವಿಳಾಸ. ಆಗ ಅದು ಮುಗಿಯದ ಕಣಜದಂತೆ ಕಂಡಿರಬೇಕು. ನಮ್ಮ ಊರಿನ ಹುಡುಗರು ಸೊಂಟಕ್ಕೊಂದು, ಕೈಗೊಂದು ಫೋನು ಕಟ್ಟಿಕೊಂಡು ತಿರುಗುತ್ತಾರೆಂದು ಅವರಿಗೇನು ಕನಸು ಬಿದ್ದಿತ್ತೆ? 2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ದಾಸ್ತಾನು ಖಾಲಿಯಾಯಿತು. ಹೊಸ ಪದ್ಧತಿಯಾದ ಐಪಿವಿ6ರಲ್ಲಿ ಕೊರತೆಯಿಲ್ಲ. ಅದರ ವಿಳಾಸಗಳ ಸಂಖ್ಯೆ ಬರೆಯಲು 39 ಅಂಕಿ ಬೇಕು. ಆದರೆ ಹಳೆಯದು ಇನ್ನೂ ಚಾಲ್ತಿಯಲ್ಲಿರುವುದರಿಂದ ಇಂಟರ್ನೆಟ್ ಕೊಡುವ ಕಂಪನಿಗಳು ಒಂದು ಉಪಾಯ ಮಾಡಿವೆ: ಒಂದೇ ವಿಳಾಸದ ಹಿಂದೆ ನೂರಾರು ಮನೆಗಳನ್ನು ನಿಲ್ಲಿಸಿ, ಯಾವ ಮಾತು ಯಾವ ಮನೆಯದೆಂದು ತಾವೇ ಲೆಕ್ಕ ಇಟ್ಟುಕೊಳ್ಳುವುದು. ಮನೆಯೊಳಗೆ ರೂಟರ್ ಮಾಡುವುದೂ ಅದೇ. 192.168 ಎಂದು ಶುರುವಾಗುವ ಅಂಕಿ ನಿಮ್ಮ ಫೋನಿನಲ್ಲಿ ಕಂಡರೆ ಸಂಭ್ರಮ ಬೇಡ, ಪಕ್ಕದ ಮನೆಯವರ ಫೋನಿನಲ್ಲೂ ಅದೇ ಇರುತ್ತದೆ. ಹೊರಗಿನ ವಿಳಾಸವೂ ನಮ್ಮದಲ್ಲ, ಕಂಪನಿಯದು. ಇವತ್ತು ಒಂದು, ಕರೆಂಟು ಹೋಗಿ ಬಂದರೆ ಇನ್ನೊಂದಾಗಬಹುದು. ಆ ವಿಳಾಸದ ಗುಂಪು ಯಾವ ಊರಿನ ಲೆಕ್ಕದಲ್ಲಿದೆಯೋ ಆ ಊರನ್ನು ವೆಬ್‌ಸೈಟುಗಳು ನಮಗೆ ಅಂಟಿಸುತ್ತವೆ. ಹೀಗಾಗಿ ನಮ್ಮ ಕೋಸಿನ ಗದ್ದೆಯ ಮೇಲೆ ಬಿರುಬಿಸಿಲು ಕಾಯುವಾಗ ಫೋನಿನ ಮೂಲೆಯಲ್ಲಿ ಮರೀನಾದ ಮಳೆ ಸುರಿಯುತ್ತದೆ.

‘ಸದ್ಯ, ನಾವೆಲ್ಲಿದ್ದೀವಿ ಅಂತ ಅವ್ರಿಗೆ ಗೊತ್ತಾಗಕಿಲ್ಲ’ ಎಂದು ಚಿಕ್ಕಪ್ಪ ನಿರಾಳವಾದರು. ಅದು ಅರ್ಧ ಸತ್ಯ. ಯಾವ ಹೊತ್ತಿನಲ್ಲಿ ಯಾವ ವಿಳಾಸ ಯಾವ ಗಿರಾಕಿಯ ಬಳಿ ಇತ್ತೆಂಬ ದಾಖಲೆ ಕಂಪನಿಯಲ್ಲಿರುತ್ತದೆ. ಪೊಲೀಸರು ಕೇಳಿದರೆ ಕೊಡುತ್ತದೆ. ಮಿಕ್ಕವರಿಗೆ ಐಪಿ ವಿಳಾಸದ ಹಂಗೇ ಬೇಕಿಲ್ಲ. ಟಾರ್ಚ್ ಹಚ್ಚುವ ಆ್ಯಪು ‘ಲೊಕೇಶನ್ ಕೊಡ್ತೀರಾ?’ ಎಂದು ಕೇಳಿದಾಗ ‘ಅಲೋ’ ಒತ್ತಿದವರು ಯಾರು? ಚಿಕ್ಕಪ್ಪನೇ. ಟಾರ್ಚಿಗೆ ಊರು ಯಾವುದಾದರೇನು, ಕತ್ತಲೆ ಎಲ್ಲಾ ಕಡೆ ಒಂದೇ ಎಂದು ಅವರಿಗೆ ಅನ್ನಿಸಲಿಲ್ಲ. 2000ದ ಜುಲೈ 30ರ ರಾತ್ರಿ ಇಲ್ಲೇ ದೊಡ್ಡ ಗಾಜನೂರಿನ ತೋಟದ ಮನೆಯಿಂದ ಕಾಡುಗಳ್ಳ ವೀರಪ್ಪನ್ ನಟ ಡಾ. ರಾಜ್‌ಕುಮಾರರನ್ನು ಕರೆದುಕೊಂಡು ಹೋದಾಗ, ಅವರು ಕಾಡಿನಲ್ಲಿ ಎಲ್ಲಿದ್ದಾರೆಂದು ಎರಡು ರಾಜ್ಯಗಳ ಸರ್ಕಾರಗಳು 108 ದಿನ ತಲೆ ಕೆಡಿಸಿಕೊಂಡವು. ಈಗ ಅದೇ ಕಾಡಂಚಿನಲ್ಲಿ ಮೇಕೆ ಕಾಯುವ ಹುಡುಗನನ್ನು ಚಪ್ಪಲಿಯ ಜಾಹೀರಾತು ಬೆಳಗಾಗುವಷ್ಟರಲ್ಲಿ ಹುಡುಕಿಕೊಂಡು ಬರುತ್ತದೆ, ಅದೂ ಅವನ ಕಾಲಿನ ಅಳತೆಯದೇ.

ಇದರ ಬಿಸಿ ಮೊದಲು ತಟ್ಟಿದ್ದು ಅವ್ವನಿಗೆ. ಅವ್ವನಿಗೆ ಮಂಡಿ ನೋವು. ಹೇಳಿದರೆ ಮಕ್ಕಳು ಮೈಸೂರಿಗೆ ಕರೆದುಕೊಂಡು ಹೋಗಿ ಕುಯ್ಯಿಸುತ್ತಾರೆಂದು ಯಾರಿಗೂ ಹೇಳದೆ, ಮಧ್ಯಾಹ್ನ ಎಲ್ಲರೂ ಮಲಗಿದಾಗ ಫೋನಿನಲ್ಲಿ ಬಾಯಲ್ಲೇ ಕೇಳಿ ಕೇಳಿ ಮಂಡಿ ನೋವಿನ ವಿಡಿಯೊ ನೋಡುತ್ತಿದ್ದಳು. ಒಂದು ಸಂಜೆ ನಡುಮನೆಯ ಟಿವಿಯಲ್ಲಿ ಎಲ್ಲರೂ ಹಾಡು ಕೇಳುತ್ತಾ ಕೂತಿರುವಾಗ ಮಂಡಿ ನೋವಿನ ಎಣ್ಣೆ ಬಂತು. ಹಾಡಿನ ಮುಂಚೆ ಎಣ್ಣೆ, ನಡುವೆ ಎಣ್ಣೆ. ಅವ್ವ ನನ್ನ ಹೆಂಡತಿಯ ಮುಖ ನೋಡಿದಳು. ‘ನಾನು ಉಜ್ಜಿಕೊಳ್ಳಾದ ನೋಡ್ಬುಟ್ಟು ಟೀವಿಯವ್ರಿಗೆ ಹೇಳ್ದೋಳು ನೀನೇ ಅಲ್ವಾ?’ ಸೊಸೆ ಟಿವಿಯವರಿಗೆ ಫೋನ್ ಮಾಡಿ ಅತ್ತೆಯ ಮಂಡಿಯ ವಿಷಯ ಹೇಳಿದ್ದಾಳೆಂಬ ಆರೋಪವನ್ನು ಸುಳ್ಳೆಂದು ಸಾಬೀತು ಮಾಡುವುದು ಸುಲಭವಲ್ಲ. ಟಿವಿಗೂ ಫೋನಿಗೂ ಒಂದೇ ಖಾತೆ, ಹೊರಗಿನಿಂದ ನೋಡಿದರೆ ಎರಡಕ್ಕೂ ಒಂದೇ ಐಪಿ ವಿಳಾಸ. ಒಂದರಲ್ಲಿ ನೋಡಿದ್ದು ಇನ್ನೊಂದಕ್ಕೆ ದಾಟುತ್ತದೆ ಎಂದು ತಂಗಿಯ ಮಗ ಬಿಡಿಸಿ ಹೇಳಿದ. ಅವ್ವ ಪೂರ್ತಿ ಕೇಳಿ, ‘ಹಂಗಾರೆ ಚಾಡಿ ಹೇಳ್ದಂವ ಈ ಫೋನೇಯ?’ ಎಂದಳು.

ಚಾಡಿಯ ವಿಷಯದಲ್ಲಿ ನಮ್ಮ ಸೀಮೆಯವರು ಕಟ್ಟುನಿಟ್ಟು. ದೀಪಾವಳಿ ಮುಗಿದ ಮೇಲೆ ಗುಮಟಾಪುರದಲ್ಲಿ ನಡೆಯುವ ಗೊರೆಹಬ್ಬದ ಸಗಣಿ ಎರಚಾಟದ ಫೋಟೊ ದೇಶವೆಲ್ಲಾ ನೋಡಿದೆ. ಅದಕ್ಕೂ ಮುಂಚೆ ಹುಲ್ಲಿನ ಗಡ್ಡ-ಮೀಸೆ ಕಟ್ಟಿದ ‘ಚಾಡಿಕೋರ’ನನ್ನು ಕತ್ತೆಯ ಮೇಲೆ ಕೂರಿಸಿ ಬೈಯುತ್ತಾ ಮೆರವಣಿಗೆ ಮಾಡುವುದು ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ‘ಫೋನ್ನ ಕತ್ತೆ ಮ್ಯಾಲೆ ಕೂರ್ಸಕಾದ್ದಾ?’ ಎಂದು ಅವ್ವ ಕೇಳಿದ್ದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ನಾನು ನ್ಯಾಯಾಲಯದ ಮಾತು ತೆಗೆದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. 2023ರಲ್ಲಿ ಅದಕ್ಕೊಂದು ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಆಯಿತು. ಅವ್ವ ಪುಟ್ಟಸ್ವಾಮಿಯವರಿಗೆ ಅಲ್ಲಿಂದಲೇ ಕೈ ಮುಗಿದಳು. ಮಂಡಿಯ ಮೇಲೆ ಹೊದ್ದಿದ್ದ ಸೀರೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

ತಂಗಿಯ ಮಗ ‘ಇನ್‌ಕಾಗ್ನಿಟೊ’ ಎಂಬ ಕರಿ ಪರದೆ ಕಲಿಸಿಕೊಡಲು ಹೋದ. ಅದು ಮನೆಯವರ ಕಣ್ಣಿಗೆ ಮಣ್ಣೆರಚಲು ಸಾಕು. ನೋಡಿದ ಪುಟಗಳ ಪಟ್ಟಿ ಫೋನಿನಲ್ಲಿ ಉಳಿಯುವುದಿಲ್ಲ, ಅಷ್ಟೆ. ಕಂಪನಿಗೂ ವೆಬ್‌ಸೈಟಿಗೂ ನಾವು ಬಂದದ್ದು ಗೊತ್ತಾಗಿಯೇ ಆಗುತ್ತದೆ. ಹಾಗಾದರೆ ದಾರಿಯಲ್ಲಿ ಇರುವವರಿಗೆ ಎಷ್ಟು ಕಾಣುತ್ತದೆ? ಇದನ್ನು ಚಿಕ್ಕಪ್ಪನಿಗೆ ತಿಳಿಸಲು ಕಾರಪಳ್ಳಂ ಚೆಕ್‌ಪೋಸ್ಟಿನ ಆನೆಗಳನ್ನು ಕರೆಯಬೇಕಾಯಿತು. ತಾಳವಾಡಿಯಿಂದ ಕಬ್ಬಿನ ಲಾರಿಗಳು ಘಾಟಿ ಇಳಿಯಲು ಹೋಗುವಾಗ ಅಲ್ಲಿ ತಾಯಾನೆ ಮರಿಯೊಂದಿಗೆ ರಸ್ತೆಗೆ ಅಡ್ಡ ನಿಲ್ಲುತ್ತದೆ, ಸೊಂಡಿಲು ಚಾಚಿ ಬೇಕಾದಷ್ಟು ಜಲ್ಲೆ ಎಳೆದುಕೊಂಡು ದಾರಿ ಬಿಡುತ್ತದೆ. ಹಳೆಯ ವೆಬ್‌ಸೈಟುಗಳ ಸಂಚಾರ ಆ ತೆರೆದ ಲಾರಿ: ಬರೆದದ್ದು, ಪಾಸ್‌ವರ್ಡು ಎಲ್ಲಾ ಸೊಂಡಿಲಿಗೆ ಸಿಗುತ್ತಿತ್ತು. ವೆಬ್ ವಿಳಾಸದ ಶುರುವಿನಲ್ಲಿ ಬೀಗದ ಚಿತ್ರ ಅಥವಾ ಎಚ್‌ಟಿಟಿಪಿಎಸ್ ಇದ್ದರೆ ಅದು ಸುತ್ತಲೂ ಮುಚ್ಚಿದ ಲಾರಿ. ಆನೆಗೆ ಒಳಗಿನದು ಸಿಗುವುದಿಲ್ಲ. ಲಾರಿ ಯಾವ ಕಡೆಗೆ ಹೊರಟಿದೆ, ಎಷ್ಟು ಹೊತ್ತಿಗೆ, ಎಷ್ಟು ಭಾರ ಹೊತ್ತಿದೆ ಎನ್ನುವುದು ಮಾತ್ರ ಕಾಣುತ್ತದೆ. ‘ಅಷ್ಟು ಕಂಡ್ರೆ ಸಾಲ್ದಾ? ರಾತ್ರಿ ಹನ್ನೊಂದ್ ಗಂಟೆಗೆ ಎಲ್ಗೋದ ಅಂದ್ರೆ ಯಾಕೋದ ಅಂತ ಊರೋರೇ ಹೇಳ್ತರ’ ಎಂದರು ಚಿಕ್ಕಪ್ಪ. ಸೈಬರ್ ತಜ್ಞರು ಪುಟಗಟ್ಟಲೆ ಬರೆಯುವುದೂ ಇದನ್ನೇ.

ಚಿಕ್ಕಪ್ಪನ ನಿಜವಾದ ತಕರಾರು ಇದಾವುದೂ ಅಲ್ಲ, ಸ್ಪೀಡು. 40 ಎಂಬಿಯ ಪ್ಲಾನು ಎಂದು ಬಿಲ್ಲಿನಲ್ಲಿದೆ. ಸಿನಿಮಾ ಇಳಿಸಿಕೊಳ್ಳುವಾಗ ಪರದೆ ಸೆಕೆಂಡಿಗೆ 5 ಎಂಬಿ ಎನ್ನುತ್ತದೆ. ಕೋಸು ಮಾರುವವನಿಗೆ ತೂಕದ ಮೋಸ ಹೊಸದಲ್ಲ. ಆದರೆ 40ಕ್ಕೆ 5! ಅದರಲ್ಲಿ ಮೋಸವಿಲ್ಲ, ಅಳತೆ ಬೇರೆ ಎಂದು ತಂಗಿಯ ಮಗ ಕೂರಿಸಿಕೊಂಡು ಹೇಳಿದ. ಕಂಪನಿ ಹೇಳುವುದು ಮೆಗಾಬಿಟ್, ಪರದೆ ತೋರಿಸುವುದು ಮೆಗಾಬೈಟ್; 8 ಬಿಟ್ ಸೇರಿದರೆ ಒಂದು ಬೈಟ್. ಚಿಕ್ಕಪ್ಪ ಬೆರಳು ಮಡಿಸಿ ಲೆಕ್ಕ ಹಾಕಿ ಒಪ್ಪಿದರು. ‘ಮಾರುವಾಗ ಪಾವು, ಕೊಡುವಾಗ ಸೇರು. ಬುದ್ಧಿವಂತ್ರು ಕನ್ಲಾ.’

ಈ 40 ಯಾತಕ್ಕೆ ಸಾಲುತ್ತದೆ? ಧಾರಾಳವಾಗಿ ಸಾಲುತ್ತದೆ. ‘200ರದ್ದು ಕೊಳ್ಳಿ’ ಎಂದು ಫೋನ್ ಮಾಡುವ ಹುಡುಗಿಯ ಮಾತಿಗೆ ಮರುಳಾಗಬೇಡಿ. ಪೂರ್ಣ ಎಚ್‌ಡಿ ಚಿತ್ರಕ್ಕೆ 5, ನಾಲ್ಕು ಕೆ ಚಿತ್ರಕ್ಕೆ 15 ಮೆಗಾಬಿಟ್ ಇದ್ದರೆ ಸಾಕೆಂದು ನೆಟ್‌ಫ್ಲಿಕ್ಸೇ ಹೇಳುತ್ತದೆ. 2004ರಲ್ಲಿ 256 ಕಿಲೋಬಿಟ್ ಬಂದರೂ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯುತ್ತಿದ್ದ ದೇಶ ನಮ್ಮದು; 2023ರಲ್ಲಿ ಅದನ್ನು 2 ಮೆಗಾಬಿಟ್‌ಗೆ ಏರಿಸಿದರು. ಮೊಬೈಲಿನಲ್ಲಿ ಮಾತ್ರ ಲೆಕ್ಕ ಇಟ್ಟುಕೊಳ್ಳಬೇಕು: ದಿನಕ್ಕೆ ಒಂದೂವರೆ ಜಿಬಿ ಪ್ಲಾನಿನಲ್ಲಿ ಪೂರ್ಣ ಎಚ್‌ಡಿ ಹಾಕಿದರೆ 40 ನಿಮಿಷಕ್ಕೆ ಡೇಟಾ ಮುಗಿಯುತ್ತದೆ. ನಾಯಕ ಅಷ್ಟರಲ್ಲಿ ಪಟ್ಟಣದಿಂದ ಊರಿಗೆ ಬಸ್ಸು ಹತ್ತಿರುತ್ತಾನೆ, ಇಳಿದಿರುವುದಿಲ್ಲ.

ಆದರೂ ನಮ್ಮ ಮನೆಯಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಕಂಪನಿಯ ಹುಡುಗ ಬಂದು ತಂತಿ ನೋಡಿದ, ಸರಿಯಿದೆ ಎಂದ. ಕೊನೆಗೆ ತಂಗಿಯ ಮಗ ರೂಟರ್ ಎಲ್ಲಿ ಎಂದು ಹುಡುಕಿದ. ಒಂದು ಮೊಳ ದಪ್ಪದ ಮಣ್ಣಿನ ಗೋಡೆಯ ಗೂಡಿನಲ್ಲಿ, ಧೂಳು ಕೂರಬಾರದೆಂದು ಅವ್ವ ಹೊದಿಸಿದ ಟವೆಲಿನ ಅಡಿಯಲ್ಲಿ, ಮುಂದೆ ಹಿತ್ತಾಳೆಯ ಕೊಳಗ ಇಟ್ಟುಕೊಂಡು ಅದು ಬೆವರುತ್ತಿತ್ತು. ಕೊಳಗ ತೆಗೆದು, ರೂಟರನ್ನು ನಡುಮನೆಯ ತೊಲೆಗೆ ನೇತುಹಾಕಿದ ಮೇಲೆ ಪ್ರಪಂಚ ಬೆಳಗಿತು. ಲೋಹವೂ ದಪ್ಪ ಗೋಡೆಯೂ ವೈಫೈಗೆ ಆಗುವುದಿಲ್ಲ. ಅವ್ವನಿಗೆ ಇದು ಹಿಡಿಸಲಿಲ್ಲ, ‘ತೊಟ್ಲು ಕಟ್ಟಿದಂಗದ’ ಎಂದಳು.

ಗೊರೆಹಬ್ಬದ ದಿನ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಟವರಿನ ಶಕ್ತಿ ಅಲ್ಲಿರುವವರೆಲ್ಲರಿಗೂ ಹಂಚಿಹೋಗುತ್ತದೆ, ಮೇಲಕ್ಕೆ ಕಳಿಸುವ ದಾರಿ ಕೆಳಕ್ಕೆ ತರಿಸುವ ದಾರಿಗಿಂತ ಇಕ್ಕಟ್ಟು. ಅವತ್ತು ಗುಮಟಾಪುರದಲ್ಲಿ ಎಲ್ಲರೂ ಒಂದು ಕೈಯಲ್ಲಿ ಸಗಣಿ, ಇನ್ನೊಂದರಲ್ಲಿ ಫೋನು ಹಿಡಿದು ‘ಲೈವ್’ ಹೋಗುವವರೇ. ದುಬೈನಲ್ಲಿ ಕೂತ ನಮ್ಮೂರ ಹುಡುಗನಿಗೆ ಕಂಡದ್ದು ಬಣ್ಣ ಬಣ್ಣದ ಚೌಕಗಳು. ವಿಡಿಯೊವನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಹಲವು ಗುಣಮಟ್ಟದಲ್ಲಿ ಇಟ್ಟಿರುತ್ತಾರೆ. ಹಿಂದಿನ ತುಂಡು ತಡವಾಗಿ ಬಂದರೆ ನೋಡುವವರ ಫೋನು ಮುಂದಿನದನ್ನು ಮಂಕಾಗಿ ತರಿಸಿಕೊಳ್ಳುತ್ತದೆ. ನಿಲ್ಲುವ ಬದಲು ಮಸುಕಾಗಲಿ ಎಂದು. ಸಗಣಿಗೆ ಆ ವ್ಯತ್ಯಾಸ ಅಷ್ಟೇನೂ ತಟ್ಟಲಿಲ್ಲ ಎಂದು ಅವನು ಬರೆದ.

ಬೆಂಗಳೂರಿಗೆ ಹೊರಡುವ ಮುಂಚೆ ತಂಗಿಯ ಮಗ ವಿಪಿಎನ್ ಹಾಕಿ ಕೊಟ್ಟ. ನಮ್ಮ ಸಂಚಾರವೆಲ್ಲಾ ಗುಟ್ಟಿನ ದಾರಿಯಲ್ಲಿ ಬೇರೆಲ್ಲೋ ಹೋಗಿ, ಅಲ್ಲಿಯ ವಿಳಾಸ ತೊಟ್ಟು ಹೊರಬರುತ್ತದೆ. ನಮ್ಮ ಕಂಪನಿಗೆ ಕಾಣದ್ದು ವಿಪಿಎನ್ ಕಂಪನಿಗೆ ಕಾಣುತ್ತದೆ. ನಂಬಿಕೆಯನ್ನು ಒಬ್ಬರಿಂದ ತೆಗೆದು ಇನ್ನೊಬ್ಬರ ಕೈಗಿಟ್ಟಂತಾಯಿತು. ಬಿಟ್ಟಿ ವಿಪಿಎನ್ ಆದರಂತೂ ಆ ಕೈ ಯಾರದೆಂದೇ ತಿಳಿಯದು. ಕೋಸು ಬೆಳೆಯುವವರಿಗೆ ಇದು ಬೇಕೆ ಎಂದು ನನಗೆ ಅನ್ನಿಸಿತು. ಚಿಕ್ಕಪ್ಪನಿಗೆ ಮಾತ್ರ ಖುಷಿ. ಪರದೆ ಈಗ ‘ನೆದರ್ಲೆಂಡ್ಸ್’ ಎನ್ನುತ್ತಿತ್ತು.

ಆ ಸಂಭ್ರಮದಲ್ಲಿ ಅಣ್ಣಾವ್ರ, ಅಂದರೆ ರಾಜ್‌ಕುಮಾರರ, ಹಳೆಯ ಚಿತ್ರವೊಂದನ್ನು ಹಾಕಿಸಿದರು. ‘ಈ ಚಿತ್ರ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎಂದು ಬಂತು.

‘ಗಾಜನೂರು ಇಲ್ಲೇ ಅದ ಕನ್ಲಾ! ಮುತ್ರಾಜಣ್ಣನ್ನ ನೋಡಕ್ಕೆ ನಂಗೆ ಯಾವ್ ದೇಶದ ಅಪ್ಪಣೆ ಬೇಕು?’

ತಂಗಿಯ ಮಗ ವಿಪಿಎನ್ ಆರಿಸಿದ. ಚಿತ್ರ ಶುರುವಾಗುವ ಮುಂಚೆ ಮಂಡಿ ನೋವಿನ ಎಣ್ಣೆ ಬಂತು, ತಮಿಳಿನಲ್ಲಿ. ಅವನು ಸ್ಕಿಪ್ ಒತ್ತಲು ಬೆರಳು ಚಾಚಿದ.

‘ತಡಿ ಮಗ’ ಎಂದಳು ಅವ್ವ, ಅಡಿಗೆಮನೆಯ ಬಾಗಿಲಿಂದ. ‘ರೇಟು ಎಷ್ಟಂತ ನೋಡು.’