ಮಹಡಿ ಮನೆ ಖಾಲಿ ಇದೆ

ಆಷಾಢದ ಹಿಂದಿನ ವಾರ ಬಾಡಿಗೆಯವರು ಮನೆ ಖಾಲಿ ಮಾಡಿದರೆ ಬೆಂಗಳೂರಿನ ಓನರಿಗೆ ಅದಕ್ಕಿಂತ ದೊಡ್ಡ ಗ್ರಹಚಾರ ಬೇರೆ ಇಲ್ಲ. ಆ ತಿಂಗಳು ಯಾರೂ ಹೊಸ ಮನೆಯಲ್ಲಿ ಹಾಲುಕ್ಕಿಸುವುದಿಲ್ಲ. ನೋಡಲು ಮಾತ್ರ ಬರುತ್ತಾರೆ. ನಲ್ಲಿ ತಿರುಗಿಸಿ, ಫ್ಲಶ್ ಒತ್ತಿ, ‘ಶ್ರಾವಣ ಬರಲಿ ಸಾರ್’ ಎಂದು ಇಳಿದುಹೋಗುತ್ತಾರೆ. ಶ್ರಾವಣದ ಹೊತ್ತಿಗೆ ಅವರು ಹಿಂದಿನ ಬೀದಿಯಲ್ಲಿ ಹಾಲುಕ್ಕಿಸಿರುತ್ತಾರೆ. ಧನುರ್ಮಾಸದ್ದೂ ಇದೇ ಕಥೆ. ಅಂದರೆ ಬಾಡಿಗೆಯ ಪಂಚಾಂಗದಲ್ಲಿರುವುದು ಹತ್ತೇ ತಿಂಗಳು. ಮನೆಸಾಲದ ಕಂತಿಗೆ ಮಾತ್ರ ಹನ್ನೆರಡೂ ಉಂಟು.

ನಮ್ಮದು ಥರ್ಟಿ ಫಾರ್ಟಿ ಸೈಟು. ಕೆಳಗೆ ನಾವು, ಮೇಲೆ ಬಾಡಿಗೆಯವರು. ಹಿಂದೆಲ್ಲ ಗೇಟಿಗೆ ಟು-ಲೆಟ್ ಬೋರ್ಡು ತೂಗುಹಾಕಿದರೆ ಪ್ರಚಾರ ಮುಗಿಯುತ್ತಿತ್ತು. ಈಗ ಬೋರ್ಡು ನೋಡಿ ಮೊದಲು ಬರುವವನು ಬ್ರೋಕರು. ಒಂದು ತಿಂಗಳ ಬಾಡಿಗೆ ಅವನ ದಕ್ಷಿಣೆ. ಅದನ್ನು ಉಳಿಸೋಣವೆಂದು ಆ್ಯಪಿಗೆ ಹಾಕಲು ತಂಗಿಯ ಮಗ ಫೋಟೊ ತೆಗೆದ. ಯಾವ ಮೂಲೆಯಲ್ಲಿ ನಿಂತು ಏನು ಮಾಡಿದನೋ, ನಮ್ಮ ಅಡುಗೆಮನೆ ಮದುವೆ ಛತ್ರದ ಪಾಕಶಾಲೆಯ ಹಾಗೆ ಕಂಡಿತು. ಫೋಟೊ ನಂಬಿ ಬಂದ ದಂಪತಿಗಳು ಜೊತೆಯಾಗಿ ಒಳಗೆ ಹೋದರು. ಗಂಡ ಆಚೆ ಬಂದ ಮೇಲೆಯೇ ಹೆಂಡತಿಗೆ ತಿರುಗಲು ಜಾಗವಾಯಿತು. ಇಬ್ಬರೂ ಏನೂ ಹೇಳದೆ ಚಪ್ಪಲಿ ಹಾಕಿಕೊಂಡರು.

2024ರ ಬೇಸಿಗೆಯಲ್ಲಿ ಊರಿನ ಬೋರುಗಳು ಬತ್ತಿ ಟ್ಯಾಂಕರಿಗೆ ಬೇಡುವ ಹಾಗಾಯಿತಲ್ಲ, ಆಮೇಲೆ ಮನೆ ನೋಡುವ ಕ್ರಮವೇ ಬದಲಾಗಿದೆ. ಪೂರ್ವದ ಬಾಗಿಲು, ಆಗ್ನೇಯದ ಒಲೆ ಎಲ್ಲ ಆಮೇಲೆ. ಒಬ್ಬರು ಮೆಟ್ಟಿಲು ಹತ್ತುವ ಮೊದಲೇ ಸಂಪಿನ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚು ಬಿಟ್ಟು, ಮಂಡಿಯೂರಿ ಬಗ್ಗಿ ನೋಡಿದರು. ಎಷ್ಟು ಲೀಟರು? ಕಾವೇರಿ ದಿನ ಬಿಟ್ಟು ದಿನವೋ? ಮೋಟಾರು ಯಾರ ಮೀಟರಿನಲ್ಲಿ? ಟ್ಯಾಂಕರು ತರಿಸಿದರೆ ದುಡ್ಡು ಯಾರದು? ಹೆಣ್ಣು ನೋಡಲು ಬಂದವರೂ ನಮ್ಮ ಮನೆಯಲ್ಲಿ ಇಷ್ಟು ಪ್ರಶ್ನೆ ಕೇಳಿರಲಿಲ್ಲ.

ನಮ್ಮ ಕಡೆಯ ಪ್ರಶ್ನೆಗಳೂ ಕಡಿಮೆಯೇನಿಲ್ಲ. ನನ್ನವಳು ‘ನಿಮ್ಮಲ್ಲಿ ಊಟ ಹೇಗೆ?’ ಎಂದು ಶುರುಮಾಡುತ್ತಾಳೆ. ಬಾಡಿಗೆ ಕೊಡುವುದು ಗೋಡೆಗೆ, ಬಾಣಲೆಗಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ನಾನು ಅವಳು ಒಳಗೆ ಹೋದಾಗ ಹೇಳುತ್ತೇನೆ. ಬ್ಯಾಚುಲರ್‌ಗಳೆಂದರೆ ಬೀದಿಗೆ ಬೀದಿಯೇ ಬೆಚ್ಚುತ್ತದೆ. ನನ್ನನ್ನು ಕೇಳಿದರೆ ಅವರಷ್ಟು ಒಳ್ಳೆಯ ಬಾಡಿಗೆದಾರರಿಲ್ಲ: ಮನೆಗೆ ಬರುವುದೇ ಮಲಗಲು, ಹಬ್ಬಕ್ಕೆ ಊರಿಗೆ ಹೋಗುತ್ತಾರೆ, ಗೋಡೆಗೆ ಮೊಳೆ ಹೊಡೆಯುವಷ್ಟು ದೇವರ ಪಟಗಳೂ ಅವರಲ್ಲಿರುವುದಿಲ್ಲ.

ಮೊಳೆಯ ವಿಷಯ ಸಣ್ಣದಲ್ಲ. ಮನೆ ಬಿಡುವ ದಿನ ಪೈಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿನ ವಾಡಿಕೆ. ಜಗಳ ಶುರುವಾಗುವುದು ಅಲ್ಲೇ. ಟಿವಿ ಸ್ಟ್ಯಾಂಡಿನ ನಾಲ್ಕು ತೂತು, ಕ್ಯಾಲೆಂಡರಿನದೊಂದು, ಮಗು ಕ್ರೆಯಾನಿನಲ್ಲಿ ಬರೆದ ಆನೆ. ಆನೆಯ ಸೊಂಡಿಲು ಹಳೆಯ ಬಾಡಿಗೆಯವರ ಕಾಲದ್ದು ಎಂದು ಒಬ್ಬರು ವಾದಿಸಿದ್ದುಂಟು. ಬಾಡಿಗೆಯವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅವರು ಕೊಟ್ಟ ಅಡ್ವಾನ್ಸು ಎಂದೋ ಮಗನ ಕಾಲೇಜಿಗೆ ಹೋಗಿರುತ್ತದೆ. ಹೊಸಬರ ಅಡ್ವಾನ್ಸು ಬಂದರೆ ತಾನೇ ಹಳಬರಿಗೆ ವಾಪಸು? ಓನರು ‘ಚೆಕ್ ಬರೀತೀನಿ, ಎರಡು ವಾರ ಬಿಟ್ಟು ಹಾಕಿ’ ಎಂದು ನಗುವುದರ ಗುಟ್ಟು ಇದು. ಹತ್ತು ತಿಂಗಳ ಅಡ್ವಾನ್ಸೆಂದರೆ ದೆಹಲಿಯಿಂದ ಬಂದವರು ಕುರ್ಚಿ ಹುಡುಕುತ್ತಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕು ಅನ್ನುತ್ತದೆ. ಮಾದರಿಯನ್ನು ಒಪ್ಪುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು. ನಮ್ಮ ಬೀದಿಯವರಂತೂ ಅದನ್ನು ದೂರದಿಂದಲೇ ಗೌರವಿಸುತ್ತಾರೆ.

ಕಾಯ್ದೆಗೆ ಹೆದರುವುದು ನಮಗೆ ವಂಶಪಾರಂಪರ್ಯ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆ ಖಾಲಿಯಾದರೆ ರೆಂಟ್ ಕಂಟ್ರೋಲರ್‌ಗೆ ತಿಳಿಸಬೇಕಿತ್ತು. ಯಾರಿಗೆ ಕೊಡಬೇಕೆಂದು ಅವರೇ ಹೇಳಬಹುದಿತ್ತು. ನಮ್ಮ ತಂದೆ ಖಾಲಿ ಮನೆಯ ಹಿತ್ತಲಲ್ಲಿ ಅಮ್ಮನ ಹಳೆಯ ಸೀರೆ ಒಣಹಾಕಿಸಿ, ಅಲ್ಲೊಂದು ಸಂಸಾರವಿದೆ ಎಂಬ ಭಾವನೆ ಹುಟ್ಟಿಸುತ್ತಿದ್ದರು. 1999ರ ಹೊಸ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇವತ್ತು ಆ ದುಡ್ಡಿಗೆ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಇನ್ನು ಹನ್ನೊಂದು ತಿಂಗಳ ಅಗ್ರಿಮೆಂಟು: ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕಲ್ಲ. ಹಾಗಾಗಿ ಮಗು ಹುಟ್ಟಿ ಶಾಲೆಗೆ ಸೇರುವವರೆಗೂ ಜನ ಒಂದೇ ಮನೆಯಲ್ಲಿ ಹನ್ನೊಂದು ಹನ್ನೊಂದು ತಿಂಗಳಾಗಿಯೇ ಬಾಳುತ್ತಾರೆ.

ನಮ್ಮ ಮನೆಗೆ ಬೆಳಕಿದೆ, ನೀರಿದೆ, ಬಸ್‌ಸ್ಟಾಪು ಹತ್ತಿರ. ಆದರೂ ಯಾಕೆ ಹೋಗುತ್ತಿಲ್ಲ ಎಂದು ಕೊನೆಗೆ ಬ್ರೋಕರನ್ನೇ ಕೇಳಿದೆ. ಅವನು ಸಂಕೋಚಪಟ್ಟು, ‘ಓನರ್ ಎಲ್ಲಿರ್ತಾರೆ ಅಂತಾರೆ ಸಾರ್. ಕೆಳಗೇ ಅಂದ ತಕ್ಷಣ ಮುಖ ಬಾಡುತ್ತೆ. ಮುಂದಿನ ಸಲ ಮನೆ ತೋರಿಸೋವಾಗ ತಾವು ಸ್ವಲ್ಪ ಒಳಗೇ ಇದ್ದುಬಿಡಿ’ ಎಂದ. ಸೈಟಿಗೆ, ಗಾರೆಗೆ, ಗ್ರಾನೈಟಿಗೆ ದುಡ್ಡು ಸುರಿದವನೇ ಮನೆಯ ಮುಖ್ಯ ದೋಷ! ಆದರೂ ಮಾತು ಕೇಳಿ ಒಳಗಿದ್ದೆ.

ಆ ಸಂಜೆ ಬಂದ ಸಂಸಾರಕ್ಕೆ ಮನೆ ಹಿಡಿಸಿತು. ಜೊತೆಗಿದ್ದ ಅಜ್ಜಿ ಮಾತ್ರ ನೇರ ನಮ್ಮ ಹಜಾರಕ್ಕೇ ಬಂದು ಕೂತರು. ‘ರಾತ್ರಿ ಟಿವಿ ಎಷ್ಟು ಹೊತ್ತು ಹಾಕ್ತೀರಮ್ಮ? ಬೆಳಿಗ್ಗೆ ಯಜಮಾನರು ಜೋರಾಗಿ ಗಂಟಲು ಕ್ಯಾಕರಿಸ್ತಾರಾ? ಮೇಲಿನ ಗಿಡಕ್ಕೆ ನೀರು ಹಾಕೋ ನೆಪದಲ್ಲಿ ಹತ್ತಿ ಬರೋ ಅಭ್ಯಾಸ ಇದೆಯಾ?’ ನನ್ನವಳು ವಿನಯದಿಂದ ಒಂದೊಂದಕ್ಕೂ ಉತ್ತರ ಕೊಟ್ಟಳು. ಊಟದ ಪ್ರಶ್ನೆ ಕೇಳಲು ಅವಳಿಗೆ ಸಮಯವೇ ಸಿಗಲಿಲ್ಲ. ಅಡ್ವಾನ್ಸು ಆರು ತಿಂಗಳಿಗೆ ಇಳಿಯಿತು, ಶ್ರಾವಣದ ಮೊದಲ ಶುಕ್ರವಾರ ಹಾಲುಕ್ಕಿತು. ನಮ್ಮ ಟಿವಿ ಈಗ ಒಂಬತ್ತೂವರೆಗೆ ಆಫ್ ಆಗುತ್ತಿದೆ. ಅಗ್ರಿಮೆಂಟಿನಲ್ಲಿ ಹಾಗೇನೂ ಬರೆದಿಲ್ಲ ಎಂದು ತೋರಿಸಿದರೆ, ‘ಹನ್ನೊಂದು ತಿಂಗಳು ಕಳೀಲಿ, ಆಮೇಲೆ ನೋಡೋಣ’ ಎನ್ನುತ್ತಾಳೆ ನನ್ನವಳು.