ಗಾರೆಯೊಳಗಿನ ರಾಜಕೀಯ

ವಿದೇಶಾಂಗ ಸಚಿವಾಲಯದ ಮಾನ್ಯ ಕಾರ್ಯದರ್ಶಿಗಳ ಸನ್ನಿಧಿಗೆ,

ಮುಂಬೈ ಬಳಿಯ ಠಾಕುರ್ಲಿಯಿಂದ ಒಬ್ಬ ರಿಪೇರಿ ಕಾಂಟ್ರಾಕ್ಟರನ ಅನಂತ ನಮಸ್ಕಾರಗಳು. ಇಲ್ಲಿ ಎಲ್ಲರ ಸೂರೂ ಸೋರುತ್ತಿದೆ, ಹಾಗಾಗಿ ನಾನು ಕ್ಷೇಮ.

ಗದಗಿನಿಂದ ಬಂದು ಇಪ್ಪತ್ತೈದು ಮಳೆಗಾಲ ಕಳೆದೆ. ಟೆರೇಸಿಗೆ ವಾಟರ್‌ಪ್ರೂಫಿಂಗ್, ಗೋಡೆಗೆ ಪ್ಲಾಸ್ಟರ್, ಇಷ್ಟೇ ನನ್ನ ವಿದ್ಯೆ. ಮೊನ್ನೆ ಕಾನೂನು ಓದುವ ಮಗಳು ಒಂದು ತೀರ್ಪಿನ ಕತೆ ಹೇಳಿದಳು. ದೆಹಲಿಯಲ್ಲಿ ನನ್ನಂಥವನೇ ಒಬ್ಬ ಅಲ್ಜೀರಿಯಾ ರಾಯಭಾರ ಕಚೇರಿಯ ಕಟ್ಟಡ ರಿಪೇರಿ ಮಾಡಿದ್ದನಂತೆ. ಬಿಲ್ಲಿನ ಹಣ ಬರಲಿಲ್ಲ. ದಾವೆ ಹೂಡೋಣವೆಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಮು ಅಡ್ಡ. ಪರರಾಷ್ಟ್ರವನ್ನು ಕೋರ್ಟಿಗೆ ಎಳೆಯಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು, ಅದೂ ಕಾರ್ಯದರ್ಶಿಯೊಬ್ಬರ ಲಿಖಿತ ದೃಢೀಕರಣದೊಂದಿಗೆ. ಆತ ಕೇಳಿದ. ರಾಜಕೀಯ ಕಾರಣಗಳಿಂದ ಕೊಡಲಾಗದು ಎಂಬ ಉತ್ತರ ತಮ್ಮ ಸಚಿವಾಲಯದಿಂದ ಬಂತು. ಗಾರೆಯಲ್ಲಿ ಮರಳು, ಸಿಮೆಂಟು, ನೀರು ಇರುವುದು ನನಗೆ ಗೊತ್ತಿತ್ತು. ರಾಜಕೀಯವನ್ನೂ ಕಲಸುತ್ತಾರೆಂದು ಈಗ ತಿಳಿಯಿತು. ಹೀಗೆ ತಳ್ಳಿಹಾಕುವಂತಿಲ್ಲ, ಮತ್ತೆ ಪರಿಶೀಲಿಸಿ ಎಂದು ಸುಪ್ರೀಂ ಕೋರ್ಟು 1986ರಲ್ಲಿ ಹೇಳಿತು. ಅಷ್ಟರಲ್ಲಿ ಆ ಗೋಡೆಗೆ ಎರಡನೇ ರಿಪೇರಿಯ ಕಾಲ ಬಂದಿರಬೇಕು.

ರಾಯಭಾರಿಯನ್ನು ಬಂಧಿಸಬಾರದು, ಕಚೇರಿಗೆ ಕೇಳದೆ ನುಗ್ಗಬಾರದು ಎನ್ನುವ 1961ರ ವಿಯೆನ್ನಾ ಒಪ್ಪಂದದ ಬಗ್ಗೆ ನನ್ನ ತಕರಾರಿಲ್ಲ. ನಮ್ಮವರು ಹೊರಗೆ ನಿರ್ಭಯವಾಗಿರಬೇಕಾದರೆ ಅವರ ಜನರನ್ನು ನಾವಿಲ್ಲಿ ಹಾಗೇ ಇಟ್ಟುಕೊಳ್ಳಬೇಕು. ಆದರೆ 2013ರಲ್ಲಿ ನ್ಯೂಯಾರ್ಕಿನಲ್ಲಿ ನಮ್ಮ ಉಪ ಕಾನ್ಸುಲ್ ಜನರಲ್ ಅವರನ್ನು ಬಂಧಿಸಿದಾಗ ಏನಾಯಿತು ನೆನಪಿಸಿಕೊಳ್ಳಿ. ದೆಹಲಿಯ ಅಮೆರಿಕ ರಾಯಭಾರ ಕಚೇರಿಯ ಮುಂದಿನ ಬ್ಯಾರಿಕೇಡುಗಳನ್ನು ಎತ್ತಿಸಿದಿರಿ. ಜಗಳದ ಬೇರು ಅವರ ಮನೆಗೆಲಸದಾಕೆಯ ಸಂಬಳದಲ್ಲಿತ್ತು. ಎರಡು ದೇಶಗಳ ಮಾನದ ಲೆಕ್ಕ ಜೋರಾಗಿ ನಡೆಯಿತು, ಸಂಬಳದ ಲೆಕ್ಕ ಮೂಲೆ ಸೇರಿತು. ಎಲ್ಲಿ ನೋಡಿದರೂ ಕೂಲಿಯವರದೇ ಕತೆ, ಸ್ವಾಮಿ.

ವ್ಯಾಪಾರಿಗಳ ಪುಣ್ಯ ಸ್ವಲ್ಪ ಗಟ್ಟಿ. 1992ರಲ್ಲಿ ದಾರೆಸ್ಸಲಾಮಿಗೆ ಕಳಿಸಿದ ರಿಯಾಕ್ಟಿವ್ ಡೈ ಎಂಬ ಬಣ್ಣ ತಡವಾಗಿ ತಲುಪಿ ಕೆಟ್ಟಿತೆಂಬ ದೂರು ಮಹಾರಾಷ್ಟ್ರದ ಗ್ರಾಹಕ ಆಯೋಗಕ್ಕೆ ಬಂದಾಗ, ಸರಕು ಒಯ್ದ, ಇಥಿಯೋಪಿಯಾ ಸರ್ಕಾರದ್ದೇ ಆದ ಇಥಿಯೋಪಿಯನ್ ಏರ್‌ಲೈನ್ಸ್ ಇದೇ 86ನೇ ಕಲಮಿನ ಕೊಡೆ ಬಿಚ್ಚಿತು. ವ್ಯಾಪಾರಕ್ಕಿಳಿದ ಮೇಲೆ ಆ ಕೊಡೆ ಇಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಮಡಿಸಿಟ್ಟಿತು.

ಈಗ ನನ್ನ ಅರ್ಜಿ. ನಾನು ಕೆಲಸಕ್ಕೆ ಮುಂಗಡ ಹಣ ತೆಗೆದುಕೊಳ್ಳುವವನು. ಹಾಗೆಯೇ ದಾವೆ ಹೂಡಲು ತಮ್ಮಿಂದ ಮುಂಗಡ ಒಪ್ಪಿಗೆ ಬೇಡುತ್ತೇನೆ. ಠಾಕುರ್ಲಿಗೆ ಯಾವ ರಾಯಭಾರಿ ಬರುತ್ತಾನೆ ಎಂದು ನಗಬೇಡಿ. ಎರಡು ವರ್ಷದಿಂದ ನನ್ನ ಬಿಲ್ಲು ಬಾಕಿಯಿಟ್ಟ ಸೊಸೈಟಿ ಚೇರ್‌ಮನ್ ಒಬ್ಬರಿದ್ದಾರೆ. ಬಾಗಿಲು ತಟ್ಟಿದರೆ ತೆರೆಯುವುದಿಲ್ಲ, ಅದು ವಿಯೆನ್ನಾದ 22ನೇ ವಿಧಿ. ಲಿಫ್ಟಿನಲ್ಲಿ ಸಿಕ್ಕಾಗ ಕೈಹಿಡಿದು ನಿಲ್ಲಿಸಿದರೆ ಕಿರುಚುತ್ತಾರೆ, ಅದು 29ನೇ ವಿಧಿ. ಹಣ ಯಾಕೆ ಬರಲಿಲ್ಲ ಸಾಹೇಬ್ರೆ ಎಂದರೆ, ‘ಕಮಿಟೀತ ರಾಜಕಾರಣ ಆಹೆ’ ಎನ್ನುತ್ತಾರೆ. ರಾಜಕೀಯ ಕಾರಣ! ಅಕ್ಷರಶಃ ತಮ್ಮದೇ ಉತ್ತರ. ಅವರು ಯಾವ ರಾಷ್ಟ್ರದ ಪ್ರತಿನಿಧಿ ಎಂದು ತಮ್ಮ ಪಟ್ಟಿ ನೋಡಿ ತಿಳಿಸಬೇಕು.

ಒಪ್ಪಿಗೆ ನಿರಾಕರಿಸುವ ಮುನ್ನ ಅರ್ಜಿದಾರನ ಅಹವಾಲು ಕೇಳಬೇಕೆಂದು ಆ 86ನೇ ಕಲಮಿನಲ್ಲೇ ಇದೆಯಂತೆ. ಕರೆಸಿದರೆ ಬರುತ್ತೇನೆ. ಕರಣೆಯನ್ನೂ ತರುತ್ತೇನೆ, ತಮ್ಮ ಕಚೇರಿಯ ಗೋಡೆ ನೋಡಿದಂತಾಯಿತು. ರೊಕ್ಕ ಮಾತ್ರ ಮೊದಲೇ.

ಇಂತಿ ವಿಧೇಯ,
ಠಾಕುರ್ಲಿಯ ಒಬ್ಬ ಗಾರೆಯವ